ಒಂದೇ ಬಾಯಿಯ ಆಕಾಶಯುದ್ಧ

ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಬೇರೆಯವರ ಬಾಯಿಂದ ಕೇಳಿ ನೀವು ಇನ್ನೂ ಜಾಸ್ತಿ ನಗುವುದು ಬೇಡ. ಗದಗಿನಲ್ಲಿ ನಡೆದ ಜಿಲ್ಲಾ ಮಟ್ಟದ ವಿಜ್ಞಾನ ನಾಟಕ ಸ್ಪರ್ಧೆಯಲ್ಲಿ, ತುಂಬಿದ ಸಭಾಂಗಣದ ಎದುರಿಗೆ, ಭೂಮಿಗೆ ಇದ್ದ ಒಂದೇ ಒಂದು ಆಕಾಶನೌಕೆಯನ್ನು ಅದರ ಕ್ಯಾಪ್ಟನ್, ಸಿಬ್ಬಂದಿ ಸಮೇತ ಕೊಂದವನು ನಾನು. ಶತ್ರುಗಳು ಕೈ ಎತ್ತಿ ಸುಮ್ಮನೆ ನಿಂತಿದ್ದರು ಪಾಪ. ನಾನು ಬಳಸಿದ ಆಯುಧ ಎರಡು: ಕಿಸೆಯಲ್ಲಿದ್ದ ಫೋನು, ಮತ್ತು ಪರದೆಯ ಹಿಂದೆ ಟವೆಲ್ ಮುಚ್ಚಿ ಇಟ್ಟಿದ್ದ, ತಂಗಿಯಿಂದ ಕಾಡಿ ಬೇಡಿ ತಂದ ಒಂದು ಪುಟ್ಟ ಸ್ಪೀಕರ್. ಯಾಕೆ ಕೊಂದೆ ಎಂದರೆ ಹೊಟ್ಟೆಕಿಚ್ಚಿಗೆ. ಯಾರ ಮೇಲಿನ ಹೊಟ್ಟೆಕಿಚ್ಚು ಎಂದರೆ ನಮ್ಮ ಶಾಲೆಯಲ್ಲಿ ಹಿಂದಿ ಕಲಿಸುತ್ತಿದ್ದ ಒಬ್ಬ ಹಿರಿಯ ಮಾಸ್ತರರ ಮೇಲಿನದು.

ಅವರು ಹೋದ ತಿಂಗಳು ನಿವೃತ್ತರಾದರು. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅದನ್ನೂ ಓದಿ, 'ಮ್ಯಾಲ ಇನಿಷಿಯಲ್ ಇತ್ತು, ಕೆಳಗ ಎಲ್ಲಿ ಹೋತು?' ಎಂದು ಕೇಳುವ ಪೈಕಿ ಅವರು. ಹುಡುಗರು ಕರೆಯುತ್ತಿದ್ದದ್ದು 'ಹಿಂದಿ ಸರ್' ಎಂದು. ನಾನೂ ಹಾಗೇ ಕರೆಯುತ್ತೇನೆ.

ನಾನು ಬೆಟಗೇರಿಯವನು. ಮುಂಡರಗಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನಕ್ಕೆ ಅತಿಥಿ ಶಿಕ್ಷಕ. ಅತಿಥಿ ಎಂದರೆ ಯಾರೂ ಕುರ್ಚಿ ಕೊಡದ ಅತಿಥಿ. ಆದರೂ ಸ್ಟಾಫ್ ರೂಮಿನಲ್ಲಿ ನನಗೆ ಬೆಲೆ ಇತ್ತು, ಯಾಕೆಂದರೆ ನನ್ನ ಬಾಯಿಯೊಳಗೆ ಇಡೀ ಊರು ಇತ್ತು. ಮಾತಿಗೆ ಮುಂಚೆ ಹೆಡ್‌ಮಾಸ್ತರರು ಕೆಮ್ಮುವ ಕೆಮ್ಮು, ಸಿಪಾಯಿ ಗಂಟೆ ಬಾರಿಸಿ ಅದರ ಕಡೆಗೇ ಸಿಟ್ಟಿನಿಂದ ನೋಡುವ ನೋಟ, ಗದಗ-ಮುಂಡರಗಿ ಬಸ್ಸಿನ ಕಂಡಕ್ಟರನ 'ಒಳಗ ಸರೀರಿ ಒಳಗ, ಒಳಗ ಬಯಲ ಐತಿ', ಎಲ್ಲವನ್ನೂ ಮಾಡುತ್ತಿದ್ದೆ. ನನ್ನ ನಡಿಗೆಯನ್ನೂ ಮಾಡುತ್ತಿದ್ದೆ: ಹಗ್ಗದ ಮೇಲೆ ಒಣಹಾಕಿದ ಅಂಗಿ ತಾನೇ ಇಳಿದು ಸಂತೆಗೆ ಹೊರಟ ಹಾಗೆ. ನಕಲಿ ಮಾಡುವವನಿಗೆ ಒಂದು ಹಿಡಿಕೆ ಸಿಕ್ಕರೆ ಸಾಕು. ಪ್ರತಿ ಮನುಷ್ಯನಿಗೂ ಅದು ಒಂದು ಕಡೆ ಇರುತ್ತದೆ. ಮೂಗಿನಲ್ಲಿ, ಹೆಗಲಲ್ಲಿ, ಮಾತು ಮುಗಿಸುವ ರೀತಿಯಲ್ಲಿ.

ಹಿಂದಿ ಸರ್‌ಗೆ ಹಿಡಿಕೆಯೇ ಇರಲಿಲ್ಲ.

ಎತ್ತರವೂ ಅಲ್ಲದ, ಗಿಡ್ಡವೂ ಅಲ್ಲದ ಆಳು. ಬಿಳಿಯೂ ಅಲ್ಲದ ಅಂಗಿ. ಧ್ವನಿ ಎಂದರೆ ಯಾರ ಧ್ವನಿಯಾದರೂ ಆಗಬಹುದಾದ ಧ್ವನಿ. ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಶಿರಹಟ್ಟಿಯ ತಮ್ಮ ಹೊಲದ ಶೇಂಗಾ ಒಂದು ಬೊಗಸೆ ತೆಗೆದು ಒಡೆಯುತ್ತ ಕೂರುತ್ತಿದ್ದರು. ಒಡೆದಂತೆ ತಿನ್ನುವವರಲ್ಲ. ಎಲ್ಲವನ್ನೂ ಒಡೆದು, ಕಾಳು ಒಂದು ಕಡೆ, ಸಿಪ್ಪೆ ಒಂದು ಕಡೆ ಮಾಡಿ, ಆಮೇಲೆ ತಿನ್ನುವುದು. ನಾನು ಇದನ್ನೇ ಹಿಡಿದುಕೊಂಡು ಒಂದು ದಿನ ಅವರ ನಕಲಿ ಮಾಡಲು ಹೋದೆ. ಖಾಲಿ ಕೈಯಿಂದ ಶೇಂಗಾ ಒಡೆಯುತ್ತ, ಅವರ ಹಾಗೆಯೇ ತಲೆ ಎತ್ತದೆ ಸಿಪಾಯಿಗೆ ಕೇಳಿದೆ: "ಅಲ್ಲೋ, ನಿನ್ನಿ ಮಳಿ ಬಂತಂತ ಗಂಟಿ ಜಲ್ದಿ ಹೊಡದಿ. ಇವತ್ತ ಬಿಸಲ ಐತಿ. ಇವತ್ಯಾಕ ಜಲ್ದಿ ಹೊಡದಿ?"

ಯಾರೂ ನಗಲಿಲ್ಲ. ಸಿಪಾಯಿ ತಬ್ಬಿಬ್ಬಾದ. ಹೆಡ್‌ಮಾಸ್ತರರು ಒಳಗಿನಿಂದ ಎದ್ದು ಬಂದು, "ಹೌದಲ್ಲ, ಯಾಕ?" ಎಂದರು. ಗಂಟೆಯ ವಿಚಾರಣೆ ಸಂಜೆಯವರೆಗೆ ನಡೆಯಿತು. ಹಿಂದಿ ಸರ್ ಮೂಲೆಯಲ್ಲಿ ಕೂತು ಖುಷಿಯಿಂದ ಕೇಳಿಸಿಕೊಂಡರು. ನಕಲಿ ಮಾಡಿದ್ದು ನಾನು, ಗೆದ್ದದ್ದು ಅವರು. ಹೊಟ್ಟೆಯಲ್ಲಿ ಮೊದಲ ಕಿಡಿ ಬಿದ್ದದ್ದು ಅಂದೇ.

ನಾಟಕದ ಸ್ಪರ್ಧೆಯ ಸುತ್ತೋಲೆ ಬಂದಾಗ ನಾನು ಕುಣಿದಾಡಿದೆ. ವಿಜ್ಞಾನ ನನ್ನದು, ನಾಟಕ ನನ್ನದು, ಬಾಯಿಯಂತೂ ನನ್ನದೇ. ಆಕಾಶಯುದ್ಧದ ನಾಟಕ ಬರೆದೆ. ಭೂಮಿಯ ನೌಕೆ, ಶತ್ರುಗ್ರಹದ ನೌಕೆ, ನಡುವೆ ಕಗ್ಗತ್ತಲ ಬಾಹ್ಯಾಕಾಶ. ಕೊನೆಗೆ ನಮ್ಮ ಕ್ಯಾಪ್ಟನ್ ಒಂದು ನೀಲಿ ಗುಂಡಿ ಒತ್ತುತ್ತಾನೆ, ಶತ್ರು ಮಾಯ. ಸ್ಟಾಫ್ ರೂಮಿನಲ್ಲಿ ಎಲ್ಲ ಪಾತ್ರಗಳನ್ನೂ ನಾನೇ ಮಾಡಿ ಓದಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿ ಸರ್ ಕೊನೆಯ ಶೇಂಗಾ ಒಡೆದರು.

"ತಮ್ಮಾ, ಆ ನೀಲಿ ಗುಂಡಿ ಮೊದಲನೇ ಸೀನಿನ್ಯಾಗ ಇತ್ತೇನು?"

"ಇತ್ರಿ ಸರ್. ಹಡಗಿನ್ಯಾಗ ಕೂಡಿಸಿದ್ದ ಇರ್ತೈತಿ."

"ಮತ್ತ ಆಗ ಯಾಕ ಒತ್ತಲಿಲ್ಲ?"

"ಆಗ ಒತ್ತಿದ್ರ ನಾಟಕ ಅಲ್ಲೇ ಮುಗೀತಿತ್ತಲ್ರಿ."

"ಹಂಗಾದ್ರ ಆ ಗುಂಡಿ ಹಡಗಿಂದಲ್ಲ, ನಿಂದು. ನಿನ್ನ ಕಿಸೇದಾಗ ಇಟ್ಕೋ."

ಈಗ ಎಲ್ಲರೂ ನಕ್ಕರು. ನಾನು ಓದುವಾಗ ಬಿದ್ದ ನಗೆಗಿಂತ ಇದು ದೊಡ್ಡ ನಗೆ. ಅಳತೆ ಇಟ್ಟುಕೊಂಡಿರಲಿಲ್ಲ, ಆದರೆ ನನ್ನಂಥವನ ಕಿವಿಗೆ ಅದು ಗೊತ್ತಾಗುತ್ತದೆ.

ಮರುದಿನದಿಂದ ತಾಲೀಮಿಗೆ ಅವರೂ ಬರತೊಡಗಿದರು. ಯಾರೂ ಕರೆದಿರಲಿಲ್ಲ. ಬಂದು, ವರಾಂಡದ ಮೆಟ್ಟಿಲ ಮೇಲೆ ಕೂತು, ಶೇಂಗಾ ಒಡೆಯುತ್ತ ನೋಡುವರು. ನೌಕೆಯ ಸದ್ದುಗಳೆಲ್ಲ ನನ್ನವು. ನೌಕೆಯ ಸುತ್ತ ಏಳುವ ಅದೃಶ್ಯ ಕವಚಕ್ಕೆ 'ಗುಂಯ್' ಎಂದು ಎಳೆಯುತ್ತಿದ್ದೆ. ತೋಪಿಗೆ 'ಢಂ'. ಶತ್ರುವಿನ ತೋಪಿಗೆ ಮಾತ್ರ ಶಾಲೆಯ ಕವಾಯತಿನ ಡ್ರಮ್ಮು. ಮೊದಲ ದಿನವೇ ಗೊಂದಲವಾಯಿತು. ಕವಚದ ಗುಂಯ್ ನಡೆದಿರುವಾಗಲೇ ನಮ್ಮ ಕ್ಯಾಪ್ಟನ್ ಮಂಜ್ಯಾ, "ಹಾರಸ್ರಿ ತೋಪಾ!" ಎಂದು ಕೂಗಿದ. ನಾನು ಗುಂಯ್ ಬಿಟ್ಟು ಢಂ ಎಂದೆ. ಶತ್ರು ನೌಕೆಯ ಕ್ಯಾಪ್ಟನ್ ಅನ್ನಪೂರ್ಣಾ, ಹಿರೇವಡ್ಡಟ್ಟಿಯಿಂದ ಬರುವ ಒಂಬತ್ತನೇ ತರಗತಿಯ ಹುಡುಗಿ, ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ಸರ್, ಈಗ ಕವಚ ಐತೋ, ಹೋತೋ?"

"ಐತಿ, ಆದ್ರ ಕೇಳ್ಸಂಗಿಲ್ಲ," ಎಂದೆ.

"ನನಗ ಹ್ಯಾಂಗ ಗೊತ್ತಾಗಬೇಕ್ರಿ ಮತ್ತ?"

ಮೆಟ್ಟಿಲ ಮೇಲಿಂದ ಆ ಯಾರದಾದರೂ ಆಗಬಹುದಾದ ಧ್ವನಿ ಬಂತು: "ಮಾಸ್ತರಿಗೆ ಇರೂದು ಒಂದ ಬಾಯಿ. ಗುಂಯ್ ಅನ್ನುವಾಗ ಢಂ ಅನ್ನಾಕ ಬರಂಗಿಲ್ಲ. ಅದನ್ನ ಹಡಗಿನ ಕಾಯ್ದೆ ಮಾಡ್ರಲ್ಲ. ಕವಚ ಎದ್ದಿದ್ರ ತೋಪ ಹಾರಂಗಿಲ್ಲ. ತೋಪ ಹಾರಬೇಕಂದ್ರ ಕವಚ ಇಳೀಬೇಕು."

ಮಂಜ್ಯಾ ಮೆಲ್ಲಗೆ ಕೇಳಿದ, "ಮತ್ತ ಸರ್ ಉಸರ ತಗೋಳ್ಳುವಾಗ?"

"ಆಗೂ ಕವಚ ಇರಂಗಿಲ್ಲ," ಎಂದರು ಹಿಂದಿ ಸರ್. "ಒಂದ ಉಸರಿಗೆ ಎಷ್ಟ ಹೊತ್ತ ಬರ್ತೈತಿ, ಅಷ್ಟ ಹೊತ್ತ ಕವಚ."

ಅನ್ನಪೂರ್ಣಾ ತಿರುಗಿ ನನ್ನನ್ನು ನೋಡಿದಳು. ಮುಖವನ್ನಲ್ಲ, ಹೊಟ್ಟೆಯನ್ನು. ನನ್ನ ಉಸಿರು ಎಷ್ಟು ಉಳಿದಿದೆ ಎಂದು ಅಳೆಯುವ ನೋಟ. ಅಂದಿನಿಂದ ತಾಲೀಮಿನುದ್ದಕ್ಕೂ ಆಕೆ ತೋಪಿನ ಅಪ್ಪಣೆಗೆಂದು ಕೈ ಎತ್ತಿ ಹಾಗೇ ನಿಂತಿರುತ್ತಿದ್ದಳು. ನನ್ನ ಗುಂಯ್ ತೆಳುವಾಗುತ್ತ ಬರುವುದು, ಕೊರಳ ನರ ಉಬ್ಬುವುದು, ಮಂಜ್ಯಾ ಗಾಬರಿಯಿಂದ ನನ್ನ ಕಡೆ ನೋಡುವುದು, ಆಕೆಯ ಕೈ ಇಳಿಯುವುದು, ಡ್ರಮ್ಮು ಮೊಳಗುವುದು. ಸುಳ್ಳು ಹೇಳುವುದಿಲ್ಲ, ಅದು ನಿಜಕ್ಕೂ ಯುದ್ಧವಾಯಿತು. ನಾನು ನಾಟಕದಲ್ಲಿ ಹಾಕಿದ್ದ ಎಷ್ಟೋ ಸ್ಫೋಟಗಳು ಮಾಡದ್ದನ್ನು ನನ್ನ ಬಡಕಲು ಎದೆಯ ಒಂದು ಉಸಿರು ಮಾಡಿತು. ಉಸಿರು ನನ್ನದು. ಆದರೆ ಹುಡುಗರು ಅದನ್ನು ಕರೆದದ್ದು 'ಹಿಂದಿ ಸರ್ ಕಾಯ್ದೆ' ಎಂದು!

ಸಂಕಟ ಅಷ್ಟಕ್ಕೇ ನಿಲ್ಲಲಿಲ್ಲ. ಹುಡುಗರಿಗೆ ಅವರ ರೋಗ ಅಂಟಿತು. ಶತ್ರುಗಳ ನೌಕೆ ಒಂದೇ ಜಿಗಿತಕ್ಕೆ ಗ್ರಹದಿಂದ ಗ್ರಹಕ್ಕೆ ಹಾರುತ್ತದೆ ಎಂದು ನಾನು ಬರೆದಿದ್ದೆ. ಅನ್ನಪೂರ್ಣಾ ಬಂದು ಕೇಳಿದಳು, ಅದೂ ನನ್ನನ್ನಲ್ಲ, ನನ್ನ ಪಕ್ಕ ಕೂತಿದ್ದ ಅವರನ್ನು: "ಸರ್, ನಮ್ಮ ಹಡಗ ಅಷ್ಟ ಜೋರ ಜಿಗೀತೈತಿ ಅಂದ್ರ ನಮಗ ತೋಪ ಯಾಕ ಬೇಕ್ರಿ? ಒಂದ ಖಾಲಿ ಹಡಗನ್ನ ಅವರ ಮ್ಯಾಲ ಜಿಗಿಸಿದ್ರ ಮುಗದ ಹೋತಲ್ರಿ?"

ಹಿಂದಿ ಸರ್ ಮುಖ ಮೊದಲ ಮಳೆ ಕಂಡವರ ಹಾಗಾಯಿತು. "ಭಾಳ ಛಲೋ ಕೇಳಿದಿ," ಎಂದರು. ನನಗೆ ಅವರು ಒಮ್ಮೆಯೂ ಭಾಳ ಛಲೋ ಅಂದಿರಲಿಲ್ಲ. ಒಂದು ದಿನ ಯೋಚಿಸಿ ಬಂದು ಉತ್ತರ ಹೇಳಿದರು: ಜಿಗಿಯಲು ಎದುರಿಗೆ ಪೂರ್ತಿ ಬಯಲಿರಬೇಕು, ದಾರಿಯಲ್ಲಿ ಒಂದು ಕಣ ಧೂಳಿದ್ದರೂ ಯಂತ್ರ ಚಾಲೂ ಆಗುವುದಿಲ್ಲ. ಹಾಗಾಗಿ ಯಾರ ಮೇಲೂ ಜಿಗಿಯಲು ಬರುವುದಿಲ್ಲ. ಅಷ್ಟಕ್ಕೆ ಮಂಜ್ಯಾ, "ಹಂಗಾದ್ರ ಅವ್ರು ಓಡಿಹೋಗಬಾರ್ದಂದ್ರ ನಾವು ಧೂಳ ತೂರಿದ್ರ ಸಾಕು!" ಎಂದ. ಧೂಳಿಗೆ ಏನು ಮಾಡುವುದು? ಹಿಂದಿ ಸರ್ ತಮ್ಮ ಚೀಲ ಬಿಚ್ಚಿದರು. ಶೇಂಗಾ ಸಿಪ್ಪೆ. ನಮ್ಮ ಬಾಹ್ಯಾಕಾಶದ ತುಂಬ ಆಮೇಲೆ ಹಾರಾಡಿದ್ದು ಅದೇ. ನಾನು ಬರೆದ ನಾಟಕದಲ್ಲಿ ಅವರು ತಿಂದು ಬಿಸಾಕಿದ್ದಕ್ಕೂ ಪಾತ್ರ ಸಿಕ್ಕಿತ್ತು.

ಊರಿನಿಂದಲೂ ದೂರು ಬಂತು. ಒಬ್ಬ ತಾಯಿ ಶಾಲೆಗೇ ಬಂದು ಹೆಡ್‌ಮಾಸ್ತರರ ಮುಂದೆ ನಿಂತರು. "ಧಾರಾವಾಹಿ ನೋಡಾಕ ಬಿಡವಲ್ಲದ್ರೀ ನಮ್ಮ ಹುಡುಗಿ. 'ಮೊನ್ನಿ ಈಕಿಗೆ ಕಣ್ಣ ಕಾಣ್ತಿದ್ದಿಲ್ಲ, ಇವತ್ತ ಹ್ಯಾಂಗ ಸೊಸಿ ಸೀರಿ ಬಣ್ಣ ಹೇಳಿದ್ಲು' ಅಂತ ಕೇಳ್ತೈತಿ. ಏನ್ ಹೇಳ್ಲ್ರಿ ನಾ?" ಹೆಡ್‌ಮಾಸ್ತರರು ಕೆಮ್ಮಿ ನನ್ನ ಕಡೆ ಬೆರಳು ಮಾಡಿದರು. ಬೈಗುಳ ನನಗೆ ಬಿತ್ತು. ಅದೊಂದರಲ್ಲಿ ಮಾತ್ರ ಹಿಂದಿ ಸರ್ ಪಾಲು ಕೇಳಲಿಲ್ಲ.

ಈ ಹುಚ್ಚು ಎಲ್ಲಿಂದ ಬಂತು ಎಂದು ಒಮ್ಮೆ ಬಸ್ಸಿನಲ್ಲಿ ಕೇಳಿದ್ದೆ. ಕಿಟಕಿಯಾಚೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಒಂದನ್ನೊಂದು ನೋಡಿ ಕೈ ಬೀಸುತ್ತಿದ್ದವು. ಅವರು ಸಣ್ಣವರಿದ್ದಾಗ ಊರಲ್ಲಿ ದೊಡ್ಡಾಟ ಆಡಿದ್ದರಂತೆ. ವೀರನ ಪಾತ್ರದವನು ಆವೇಶ ಬಂದು, ಆಗಲೇ ಬಿಟ್ಟಿದ್ದ ಬಾಣದ ಹೆಸರನ್ನೇ ಮತ್ತೆ ಹೇಳಿ ಬಿಲ್ಲು ಎಳೆದನಂತೆ. ರಾಕ್ಷಸನ ಪಾತ್ರದವನು ಬೀಳಲೇ ಇಲ್ಲ. "ಆ ಬಾಣ ಖರ್ಚಾಗೇತಿ, ಬ್ಯಾರೆ ತಗೀ," ಎಂದು ನಿಂತುಬಿಟ್ಟ. ವೀರನಿಗೆ ಬೇರೆ ಬಾಣದ ಪದ ಬಾರದು. ಆಟ ಬೆಳತನಕ ನಡೆಯಿತು. ಹೇಳುತ್ತ ಹೇಳುತ್ತ ಹಿಂದಿ ಸರ್ ಕಣ್ಣೀರು ಬರುವ ಹಾಗೆ ನಕ್ಕರು. "ಜನಾ ಯಾರೂ ಎದ್ದ ಹೋಗಲಿಲ್ಲ ತಮ್ಮಾ. ಯಾಕಂದ್ರ ರಾಕ್ಷಸಂದ ನ್ಯಾಯ ಇತ್ತು."

ಇನ್ನೊಂದು ಮಾತೂ ಅಂದೇ ಹೇಳಿದರು. ಅದು ನನ್ನ ಹೊಟ್ಟೆಕಿಚ್ಚಿಗೆ ತುಪ್ಪ ಸುರಿಯಿತು. "ನೀನೂ ನಕಲಿ ಮಾಡಾಕ ಮಂದೀನ ಹಂಗ ನೋಡ್ತಿಯಲ್ಲ. ಆದ್ರ ನಿನ್ನ ಹೆಡ್‌ಮಾಸ್ತರ ನಕಲಿ ಒಳಗ ಒಂದ ತಪ್ಪ ಐತಿ. ಅವ್ರು ಕೆಮ್ಮೂದು ಮಾತ ಮರತಾಗ. ನೀ ಸುಮ್ಮ ಸುಮ್ಮಕ ಕೆಮ್ಮತಿ." ಇಳಿಯುವ ಊರು ಬಂತು, ಇಳಿದು ಹೋದರು. ನಾನು ಮರುದಿನ ಹೆಡ್‌ಮಾಸ್ತರರನ್ನು ದಿಟ್ಟಿಸಿ ನೋಡಿದೆ. ಖರೆ. ಇಷ್ಟು ಕಾಲ ಅವರ ಕೆಮ್ಮನ್ನು ಕದ್ದಿದ್ದೆ, ಕಾರಣ ಅವರ ಹತ್ತಿರವೇ ಉಳಿದಿತ್ತು. ನನ್ನ ಕಸುಬಿನಲ್ಲೂ ನನಗಿಂತ ಮುಂದೆ ಹೋಗಿ ಕೂತಿದ್ದಾರಲ್ಲ ಈ ಮನುಷ್ಯ ಎನ್ನಿಸಿ ಅಂದು ಮಧ್ಯಾಹ್ನ ಅವರು ಕೊಟ್ಟ ಶೇಂಗಾ ಬೇಡವೆಂದೆ. ಸಿಟ್ಟಿನಿಂದ ಶೇಂಗಾ ಬಿಟ್ಟವನು ಗದಗ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ತಾಲೂಕಿನಲ್ಲಿ ಗೆದ್ದೆವು. ಜಿಲ್ಲಾ ಸ್ಪರ್ಧೆಗೆ ಮುಂಚೆ ಅಭ್ಯಾಸಕ್ಕೆಂದು, ಹಿಂದಿ ಸರ್ ಗೆಳೆಯರೊಬ್ಬರಿದ್ದ ಲಕ್ಷ್ಮೇಶ್ವರದ ಶಾಲೆಯಲ್ಲಿ ಒಂದು ಪ್ರದರ್ಶನ ಕೊಟ್ಟೆವು. ಬಯಲಿನಲ್ಲಿ ಹುಡುಗರು, ಗೋಡೆಯಾಚೆ ಊರವರು. ಮೊದಲ ಗುಂಯ್ ಮುಗಿಯುವಷ್ಟರಲ್ಲಿ ಅವರಿಗೆ ಕಾಯ್ದೆ ತಿಳಿದಿತ್ತು. ಎರಡನೆಯದಕ್ಕೆ ಇಡೀ ಬಯಲು ನನ್ನ ಜೊತೆ ಉಸಿರು ಹಿಡಿಯಿತು. ನಾನು ಉಸಿರು ಬಿಟ್ಟಾಗ ಎಲ್ಲರೂ ಬಿಟ್ಟರು, ಗಾಳಿ ಬೀಸಿದ ಹಾಗಾಯಿತು. ಜೀವನದಲ್ಲಿ ನನಗೆ ಅಂಥದ್ದು ಯಾವತ್ತೂ ಸಿಕ್ಕಿರಲಿಲ್ಲ. ಮುಗಿದ ಮೇಲೆ ಎದೆ ಉಬ್ಬಿಸಿಕೊಂಡು ಹೊರಗೆ ಬಂದೆ. ಜನ ಹಿಂದಿ ಸರ್ ಸುತ್ತ ನಿಂತಿದ್ದರು. "ಏನ್ ತಲಿ ಓಡಿಸೀರ್ರೀ ಸರ್!" ಎನ್ನುತ್ತಿದ್ದರು. ಒಬ್ಬ ಅಜ್ಜಿ ನನ್ನ ಹತ್ತಿರ ಬಂದರು. "ಆ ಗುಂಯ್ ಅಂತಿದ್ದದ್ದು ನೀನ ಏನಪಾ?" ಎಂದು ಕೇಳಿ, ಹೌದೆಂದ ಮೇಲೆ, "ಗಂಟಲಕ್ಕ ಬಿಸಿನೀರ ಕುಡಿ," ಎಂದು ಹೇಳಿ ಹೋದರು. ನಾನು ಜೇನುನೊಣ, ಅವರು ಜೇನು.

ಮನೆಯಲ್ಲಾದರೂ ಸಮಾಧಾನ ಸಿಗುತ್ತದೆಯೇ? ದಿನಾ ಶಾಲೆಯ ಕತೆಯನ್ನು ಅವ್ವನಿಗೆ ಆಡಿ ತೋರಿಸುವುದು ನನ್ನ ರೂಢಿ. ಮೊದಲು ಎಲ್ಲದಕ್ಕೂ ನಗುತ್ತಿದ್ದಳು. ಈಗ ನಾನು ಚೀಲ ಇಳಿಸುವ ಮುಂಚೆಯೇ, "ಆ ಹಿಂದಿ ಮಾಸ್ತರ ಇವತ್ತ ಏನ್ ಕೇಳಿದ್ರೋ?" ಎನ್ನತೊಡಗಿದಳು. ನಾನು ಹೇಳುವುದು, ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಖರೆ ಐತಲ್ಲೋ!" ಎನ್ನುವುದು. ಒಂದು ದಿನ ಶೇಂಗಾ ಹೋಳಿಗೆ ಮಾಡಿ ಡಬ್ಬಿ ತುಂಬಿದಳು. ಖುಷಿಯಿಂದ ಕೈ ಹಾಕಿದೆ. "ನಿಂದಲ್ಲ, ಅವರಿಗೆ ಒಯ್ದ ಕೊಡು," ಎಂದಳು. ಮುಂಡರಗಿಯ ತನಕ ಆ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಶೇಂಗಾದ ಹೊಲ ಇದ್ದವರಿಗೆ ಶೇಂಗಾ ಹೋಳಿಗೆ!

ಗದಗಿನ ಸ್ಪರ್ಧೆಗೆ ಅವ್ವ ಬರುತ್ತೇನೆಂದಳು. "ನಿನ್ನ ನೋಡಾಕ," ಎಂದಳು. ಒಂದು ಗಳಿಗೆ ಬಿಟ್ಟು, "ಅವ್ರೂ ಬರ್ತಾರಲ್ಲ?" ಎಂದಳು. ಆಗಲೇ ನಿರ್ಧಾರ ಮಾಡಿದೆ. ಈ ಸಲ ಯಾರ ಕಾಯ್ದೆಯೂ ಇಲ್ಲ, ಬರೀ ನನ್ನ ಬಾಯಿ. ಕವಚದ ಗುಂಯ್ ಅನ್ನು ಫೋನಿನಲ್ಲಿ ಹಿಡಿದು, ಮುಗಿಯದಂತೆ ಸುತ್ತಿ ಸುತ್ತಿ ಬರುವ ಹಾಗೆ ಮಾಡಿದೆ. ಅದು ಸ್ಪೀಕರಿನಲ್ಲಿ ನಡೆಯುತ್ತಿದ್ದರೆ ನನ್ನ ಬಾಯಿ ಬಿಡುವು. ತೋಪು, ರಾಕೆಟ್ಟು, ಗಾಜು ಒಡೆಯುವುದು, ಲೋಹ ಹರಿಯುವುದು, ನನ್ನ ಹತ್ತಿರ ಏನೇನಿದೆಯೋ ಎಲ್ಲವನ್ನೂ ಗದಗಿನವರಿಗೆ ತೋರಿಸಿಬಿಡುವುದು. ಹುಡುಗರಿಗೆ ಹೇಳಲಿಲ್ಲ. ಗೆದ್ದರೆ ವಿಭಾಗ ಮಟ್ಟಕ್ಕೆ ಹೋಗುತ್ತೇವೆಂದು ಅವರು ಹೊಸ ಚಪ್ಪಲಿಯ ಮಾತಾಡುತ್ತಿದ್ದರು.

ನಾಟಕ ಶುರುವಾಯಿತು. ಮೊದಲ ಎರಡು ದೃಶ್ಯ ನನ್ನ ಉಸಿರಿನಿಂದಲೇ ನಡೆಸಿದೆ, ಜನ ಕಾಯ್ದೆ ಕಲಿತರು, ಉಸಿರು ಹಿಡಿದರು. ಕೊನೆಯ ಯುದ್ಧ ಬಂತು. ನೀಲಿ ಗುಂಡಿ ತೆಗೆದು ತಿದ್ದಿ ಬರೆದ ಪ್ರಕಾರ ಇಲ್ಲಿ ಮಂಜ್ಯಾ ಉಸಿರು ಮುಗಿಯುವ ಮುಂಚೆಯೇ ಬೇಕೆಂದೇ ಕವಚ ಇಳಿಸಬೇಕು, ಅನ್ನಪೂರ್ಣಾ ಮೋಸಹೋಗಿ ಅವಸರಕ್ಕೆ ಗುಂಡು ಹಾರಿಸಿ ಗುರಿ ತಪ್ಪಬೇಕು, ಭೂಮಿ ಗೆಲ್ಲಬೇಕು. ನಾನು ಕಿಸೆಗೆ ಕೈ ಹಾಕಿ ಗುಂಡಿ ಒತ್ತಿದೆ. ಗುಂಯ್ ಎದ್ದಿತು. ಮೈಕು ಹಿಡಿದು ಢಂ ಎಂದೆ. ಢಢಂ ಎಂದೆ. ಕಿಡಿ ಹಾರಿಸಿದೆ, ಗಾಜು ಒಡೆದೆ. ಸಭಾಂಗಣ ಹೋ ಎಂದು ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಅವ್ವ ಪಕ್ಕದವರಿಗೆ ಏನೋ ಹೇಳಿ ನನ್ನ ಕಡೆ ಕೈ ತೋರಿಸಿದಳು. ಆಹಾ ಎನ್ನಿಸಿತು.

ಚಪ್ಪಾಳೆ ಮೆಲ್ಲಗೆ ತೆಳುವಾಯಿತು. ಆಮೇಲೆ ನಿಂತಿತು. ಯಾರೂ ಉಸಿರು ಹಿಡಿದಿರಲಿಲ್ಲ, ಹಿಡಿಯುವ ಅಗತ್ಯ ಇರಲಿಲ್ಲ. ಮಂಜ್ಯಾ ಇಳಿಸಹೋದರೆ ಕವಚವೇ ಇಳಿಯುತ್ತಿಲ್ಲ. ಅನ್ನಪೂರ್ಣಾ ಕೈ ಎತ್ತಿ ನಿಂತೇ ಇದ್ದಳು. ನನ್ನ ಹೊಟ್ಟೆ ನೋಡಿದಳು. ಅದು ಆರಾಮವಾಗಿ ಉಸಿರಾಡುತ್ತಿತ್ತು, ಕವಚ ಗುಂಯ್ ಎನ್ನುತ್ತಿತ್ತು. ಪರದೆಯ ಇನ್ನೊಂದು ಬದಿಗೆ ಹಿಂದಿ ಸರ್ ಕೂತಿದ್ದರು. ಆಕೆ ಅವರನ್ನೂ ನೋಡಿದಳು. ಅವರು ನೆಲ ನೋಡುತ್ತಿದ್ದರು.

ಆಕೆ ಕೈ ಇಳಿಸಿದಳು. ರಂಗ ದಾಟಿ ನಮ್ಮ ಥರ್ಮೋಕೋಲಿನ ನೌಕೆಯ ಹತ್ತಿರ ಬಂದಳು. ಅದಕ್ಕೆ ಕಿವಿ ಹಚ್ಚಿದಳು. ಸಭಾಂಗಣದಲ್ಲಿ ಗುಂಯ್ ಒಂದೇ. ಆಮೇಲೆ ತನ್ನ ಸೈನಿಕರ ಕಡೆ ತಿರುಗಿ ಹೇಳಿದಳು:

"ಇವರ ಕವಚ ಉಸರ ತಗೋಳೂದು ಬಿಟ್ಟೈತಿ. ಅಂದ್ರ ಒಳಗ ಯಾರೂ ಜೀವಂತ ಇಲ್ಲ. ನಡೀರಿ, ಹಡಗ ನಮ್ದ."

ಮಂಜ್ಯಾ ನನ್ನನ್ನು ನೋಡಿದ. ಕಾಯ್ದೆ ಅವನಿಗೂ ಗೊತ್ತಿತ್ತು. ಮೆಲ್ಲಗೆ ಮೊಣಕಾಲೂರಿ, ಒರಗಿ, ಸತ್ತ. ಅವನ ಹಿಂದೆ ಅವನ ಸಿಬ್ಬಂದಿ ಒಬ್ಬೊಬ್ಬರಾಗಿ ಸತ್ತರು. ಶತ್ರುಗಳು ನೌಕೆ ಹತ್ತಿದರು. ಸಭಾಂಗಣ ಎದ್ದು ನಿಂತು ಕೂಗಿತು. ನಾನು ಫೋನು ಆರಿಸಲು ಹೋದರೆ ಬೆವರಿದ ಬೆರಳಿಗೆ ಬೀಗ ತೆರೆಯಲೊಲ್ಲದು. ಸತ್ತವರ ನೌಕೆಯ ಕವಚ ಬಹಳ ಹೊತ್ತು ಗುಂಯ್ ಎನ್ನುತ್ತಲೇ ಇತ್ತು. ಕೊನೆಗೆ ಸ್ಪೀಕರಿನ ಮೇಲೆ ಕೂತೆ.

ಅನ್ನಪೂರ್ಣಾಗೆ ಉತ್ತಮ ನಟಿ ಬಹುಮಾನ ಬಂತು. ನಾಟಕಕ್ಕೆ ಎರಡನೇ ಸ್ಥಾನ. ತೀರ್ಪುಗಾರರು ಹೇಳಿದ ಕಾರಣ: "ಕೊಟ್ಟ ಪ್ರತಿಯಲ್ಲಿ ಭೂಮಿ ಗೆಲ್ಲುತ್ತದೆ, ಆಡಿದ್ದರಲ್ಲಿ ಸೋತಿದೆ. ತಾಳೆಯಿಲ್ಲ." ವಿಭಾಗ ಮಟ್ಟ ಕೈತಪ್ಪಿತು. ಅವ್ವ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, "ಆ ಹುಡುಗಿ ಭಾಳ ಶ್ಯಾಣೇ ಐತಿ," ಎಂದಳು.

ವಾಪಸು ಹೋಗುವ ಗಾಡಿಯಲ್ಲಿ ಹುಡುಗರು ಗದ್ದಲ ಮಾಡುತ್ತಿದ್ದರು, ಸೋತವರಂತೆ ಕಾಣುತ್ತಿರಲಿಲ್ಲ. ಹೊಸ ಚಪ್ಪಲಿಯ ಮಾತು ಮಾತ್ರ ಯಾರೂ ಎತ್ತಲಿಲ್ಲ. ಅದು ನನಗೆ ಕೇಳಿಸಿತು. ನಾನು ಹಿಂದಿ ಸರ್ ಮೇಲೆ ಹಾರಿಬಿದ್ದೆ. "ಆ ಮಾತ ನೀವ ಹೇಳ್ಕೊಟ್ಟೀರಿ ಆಕಿಗೆ!"

"ಇಲ್ಲೋ ತಮ್ಮಾ. ನನಗ ಹೊಳೀಲೇ ಇಲ್ಲ," ಎಂದರು. ಅವರ ಮುಖ ನೋಡಿದರೆ ಅವರಿಗೂ ಸ್ವಲ್ಪ ಹೊಟ್ಟೆಕಿಚ್ಚು ಆದಂತಿತ್ತು. ಸ್ಪರ್ಧೆಗೆ ಬಂದಿದ್ದ ಹುಲಕೋಟಿಯ ಶಾಲೆಯವರೂ ಇಂಥದ್ದನ್ನು ಆಡಿದ್ದರೇ ಎಂದು ಏನೋ ಬೇರೆ ಮಾತು ತೆಗೆದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಿಸೆ ಕಡೆ ನೋಡಿ, "ಕವಚಕ್ಕ ಬ್ಯಾಟರಿ ಐತಿ ಅಂತ ಮೊದಲನೇ ಸೀನಿನ್ಯಾಗ ಒಂದ ಮಾತ ಹೇಳಿದ್ರ ನಡೀತಿತ್ತು ನೋಡು," ಎಂದರು.

ಬೈದಿದ್ದರೆ ಅವರನ್ನು ಕ್ಷಮಿಸುತ್ತಿದ್ದೆ. ನನ್ನ ಕಳ್ಳತನಕ್ಕೂ ಕಾಯ್ದೆಯೊಳಗೆ ಜಾಗ ಮಾಡಿಕೊಡಲು ಹೊರಟಿದ್ದರು. ಅಂದಿನಿಂದ ಅವರ ಜೊತೆ ಮಾತು ಬಿಟ್ಟೆ. ಸ್ಟಾಫ್ ರೂಮಿನಲ್ಲಿ ಅವರಿಗೆ ಬೆನ್ನು ಮಾಡಿ ಕೂತೆ. ಮಧ್ಯಾಹ್ನ ಬೆನ್ನ ಹಿಂದೆ ಶೇಂಗಾ ಒಡೆಯುವ ಸದ್ದು, ಟಪ್, ಟಪ್. ದಿನಾ ನನ್ನ ಮೇಜಿನ ತುದಿಗೆ ಒಂದಿಷ್ಟು ಕಾಳು ಬಂದು ಕೂರುತ್ತಿದ್ದವು. ನಾನು ಮುಟ್ಟುತ್ತಿರಲಿಲ್ಲ. ಸಂಜೆಗೆ ಸಿಪಾಯಿ ತಿನ್ನುತ್ತಿದ್ದ.

ಹೋದ ತಿಂಗಳು ಅವರ ಬೀಳ್ಕೊಡುಗೆ. ಶಾಲು, ಹಾರ, ಹೆಡ್‌ಮಾಸ್ತರರ ಭಾಷಣ. ಅವರು ನಡುನಡುವೆ ಕೆಮ್ಮಿದರು. ಪ್ರತಿ ಸಲವೂ ಮಾತು ಮರೆತಾಗಲೇ. ಆಮೇಲೆ ನನ್ನನ್ನು ಕರೆದರು. "ನಮ್ಮ ನಕಲಿ ಸರದಾರ ಇವತ್ತ ಹಿಂದಿ ಸರ್ ನಕಲಿ ಮಾಡಿ ತೋರಸ್ತಾರ!" ಹುಡುಗರು ಸಿಳ್ಳೆ ಹೊಡೆದರು. ಮೈಕಿನ ಮುಂದೆ ಹೋಗಿ ನಿಂತೆ. ಕಂಡಕ್ಟರನನ್ನು ಮಾಡಿದೆ, ನಕ್ಕರು. ನನ್ನ ನಡಿಗೆ ಮಾಡಿದೆ, ನಕ್ಕರು. ಹೆಡ್‌ಮಾಸ್ತರರ ಕೆಮ್ಮನ್ನು ಈ ಸಲ ಸರಿಯಾದ ಜಾಗದಲ್ಲಿ ಹಾಕಿದೆ. ನಗೆಯ ಬದಲು ಒಂದು ಕ್ಷಣ 'ಅಯ್ಯ!' ಎಂಬ ಉದ್ಗಾರ ಬಂತು, ಆಮೇಲೆ ಚಾವಣಿ ಹಾರುವಂಥ ನಗು. ಆ ನಗೆಯಲ್ಲಿ ಅರ್ಧ ಯಾರದ್ದೆಂದು ಗೊತ್ತಿದ್ದವರು ಇಬ್ಬರೇ.

ಇನ್ನು ಅವರದ್ದು ಉಳಿಯಿತು. ತಿರುಗಿ ನೋಡಿದೆ. ಹಾರ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಕೈಯಲ್ಲಿ ಶೇಂಗಾ ಇಲ್ಲದ್ದಕ್ಕೆ ಬೆರಳುಗಳಿಗೆ ಕೆಲಸ ಇರಲಿಲ್ಲ. ಹಿಡಿಕೆ ಈಗಲೂ ಸಿಗಲಿಲ್ಲ. ಸಿಕ್ಕಿದ್ದು ಒಂದೇ. ಮೈಕಿಗೆ ಬಾಯಿ ಹಚ್ಚಿ, ಎದೆ ತುಂಬ ಉಸಿರು ಎಳೆದು, ಗುಂಯ್ ಎಂದೆ.

ಹುಡುಗರಿಗೆ ತಕ್ಷಣ ತಿಳಿಯಿತು. ಗದ್ದಲ ನಿಂತಿತು. ಅನ್ನಪೂರ್ಣಾ ಎದ್ದು ನಿಂತು ಕೈ ಎತ್ತಿದಳು. ಇಡೀ ಶಾಲೆ ಉಸಿರು ಹಿಡಿಯಿತು. ಕವಚ ಇಳಿಸಬಾರದು ಎಂದುಕೊಂಡೆ. ಇಳಿಸಿದರೆ ಮುಂದಿನದು ಹಾರ ತೆಗೆಯುವುದು, ಗಾಡಿ ಬರುವುದು, ಅವರು ಹತ್ತಿ ಹೋಗುವುದು. ಕಿವಿಯಲ್ಲಿ ರಕ್ತ ಬಡಿಯತೊಡಗಿತು. ಗುಂಯ್ ದಾರದಷ್ಟು ತೆಳುವಾಯಿತು. ಕಣ್ಣ ಮುಂದೆ ಶಾಲಿನ ಬಣ್ಣ ಕಲಸಿತು. ಆದರೂ ಬಿಡಲಿಲ್ಲ.

ಆಗ ಹಿಂದಿನಿಂದ, ಆ ಯಾರದೂ ಅಲ್ಲದ ಧ್ವನಿ:

"ಉಸರ ತಗೋ ತಮ್ಮಾ. ನಾ ಏನ್ ತೋಪ ಹಾರಸಂಗಿಲ್ಲ."